ಮೊಸರನ್ನಕ್ಕೆ ಬಿಸಿ ಅನ್ನ ಬೇಡ

ಮೊಸರನ್ನ ಕಲಸುವ ಮುಂಚೆ ಅನ್ನವನ್ನು ತಟ್ಟೆಯಲ್ಲಿ ಹರಡಿ ಆರಲು ಬಿಡಿ. ಒಗ್ಗರಣೆಯೂ ಅಷ್ಟೇ, ಆರಿದ ಮೇಲೆಯೇ ಹಾಕಿ. ಮೊಸರಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ 60 ಡಿಗ್ರಿ ಆಸುಪಾಸಿನ ಬಿಸಿಗೇ ಸಾಯತೊಡಗುತ್ತವೆ. ಹೊಗೆಯಾಡುವ ಅನ್ನ ಅದಕ್ಕಿಂತ ಜಾಸ್ತಿಯೇ ಬಿಸಿ ಇರುತ್ತದೆ ಅಲ್ವಾ? ಇನ್ನೊಂದು ಲಾಭವೂ ಇದೆ. ಆರಿದ ಅನ್ನದ ಪಿಷ್ಟದಲ್ಲಿ ಸ್ವಲ್ಪ ಭಾಗ ಜೀರ್ಣವಾಗದೆ ದೊಡ್ಡ ಕರುಳು ತಲುಪುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ತಿಂದು ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ತಯಾರಿಸುತ್ತವೆ. ಕರುಳಿನ ಒಳಪದರಕ್ಕೆ ಶಕ್ತಿ ಕೊಡುವುದು ಮುಖ್ಯವಾಗಿ ಅದೇ. ಮಜ್ಜಿಗೆ ಹುಳಿಗೆ ಈ ಉಪಾಯ ನಡೆಯುವುದಿಲ್ಲ, ಕುದಿಸುತ್ತೇವಲ್ಲ. ಅದನ್ನು ಸುಮ್ನೆ ರುಚಿಗೆ ತಿನ್ನಿ! ಮೊಸರನ್ನ ತಿಂದರೆ ಮನಸ್ಸಿನ ಬೇಸರವೂ ಹೋಗುತ್ತದೆ ಎನ್ನುವಷ್ಟು ಪುರಾವೆ ಸದ್ಯಕ್ಕಿಲ್ಲ. ಸೆಖೆಯಲ್ಲಿ ಅನ್ನವನ್ನು ಗಂಟೆಗಟ್ಟಲೆ ಹೊರಗೆ ಬಿಡಬೇಡಿ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಬೆಳೆಯುತ್ತವೆ.