ಅಳು ಒಂದೇ, ನಾವು ಇಡುವ ಹೆಸರು ಎರಡು

1976ರಲ್ಲಿ ಜಾನ್ ಕಾಂಡ್ರಿ ಮತ್ತು ಸ್ಯಾಂಡ್ರಾ ಕಾಂಡ್ರಿ ಎಂಬ ಸಂಶೋಧಕರು ಕೆಲವರನ್ನು ಕೂರಿಸಿ ಒಂದು ವಿಡಿಯೊ ತೋರಿಸಿದರು. ಅದರಲ್ಲಿ 9 ತಿಂಗಳ ಮಗುವಿದೆ. ಮುಂದೆ ಒಂದು ಡಬ್ಬಿ. ಮುಚ್ಚಳ ತೆರೆದರೆ ಒಳಗಿನ ಗೊಂಬೆ ಚಂಗನೆ ಮೇಲೇಳುತ್ತದೆ. ಮಗು ಬೆಚ್ಚಿತು, ಆಮೇಲೆ ಅತ್ತಿತು. ನೋಡುತ್ತಿದ್ದವರಲ್ಲಿ ಕೆಲವರಿಗೆ ‘ಇದು ಗಂಡು ಮಗು’ ಎಂದು ಹೇಳಿದ್ದರು, ಉಳಿದವರಿಗೆ ‘ಹೆಣ್ಣು ಮಗು’ ಎಂದು. ಗಂಡು ಎಂದುಕೊಂಡವರಿಗೆ ಆ ಅಳುವಿನಲ್ಲಿ ಸಿಟ್ಟು ಜಾಸ್ತಿ ಕಂಡಿತು. ಹೆಣ್ಣು ಎಂದುಕೊಂಡವರಿಗೆ ಭಯ ಜಾಸ್ತಿ ಕಂಡಿತು. ಮಗು ಅದೇ, ಅಳುವೂ ಅದೇ!

ಹೆದರಿದ ಮಗುವನ್ನು ಎತ್ತಿಕೊಳ್ಳುತ್ತೇವೆ. ಸಿಟ್ಟಾದ ಮಗುವನ್ನು ‘ಬಿಡು, ತಾನೇ ಸರಿಹೋಗ್ತಾನೆ’ ಎಂದು ಬಿಟ್ಟುಬಿಡುತ್ತೇವೆ. ದಿನಕ್ಕೆ ಹತ್ತು ಸಲ ಹೀಗಾದರೆ, ಯಾವ ಅಳುವಿಗೆ ಯಾರು ಬರುತ್ತಾರೆ ಎನ್ನುವುದನ್ನು ಮಗು ಕಲಿತುಬಿಡುತ್ತದೆ. ಹಾಗಾಗಿ ಮಗುವಿನ ವರ್ತನೆ ಅರ್ಥವಾಗಬೇಕಾದರೆ ಮೊದಲು ನಮ್ಮ ಕಣ್ಣಿನ ಪರೀಕ್ಷೆ ಆಗಬೇಕು.

ಹೆಜ್ಜೆ 1: ಒಂದು ವಾರ ಬರೆದಿಡಿ

ದಿನಕ್ಕೆ ಒಂದೋ ಎರಡೋ ಘಟನೆ ಸಾಕು. ಒಂದೊಂದಕ್ಕೂ ಮೂರೇ ಸಾಲು. ಅದಕ್ಕೆ ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ನೀವು ಏನು ಮಾಡಿದಿರಿ. ಹಟಮಾರಿ, ಜಗಳಗಂಟಿ, ಅಳುಮುಂಜಿ, ಪಾಪದವಳು ಇಂಥ ಪದಗಳಿಗೆ ಪುಸ್ತಕದಲ್ಲಿ ಜಾಗ ಇಲ್ಲ. ‘ಹಟ ಮಾಡಿದ’ ಎನ್ನುವ ಬದಲು ‘ಕಟ್ಟಿದ ಗೋಪುರ ಬಿತ್ತು. ಒಂದು ಬ್ಲಾಕ್ ಎತ್ತಿ ಎಸೆದ. ನಾನು ಗದರಿದೆ’ ಎಂದು ಬರೆಯಿರಿ.

ಮೂರನೇ ಸಾಲಿಗೆ ಬಂದಾಗ ಕೈ ತಡೆಯುತ್ತದೆ. ನನಗಂತೂ ತಡೆದಿತ್ತು. ಆದರೆ ಅದನ್ನು ಬಿಟ್ಟರೆ ಉಳಿದ ಎರಡು ಸಾಲು ಬರೆದೂ ಪ್ರಯೋಜನವಿಲ್ಲ.

ವಾರದ ಕೊನೆಗೆ ಎಲ್ಲ ಒಟ್ಟಿಗೆ ಓದಿ. ಗಲಾಟೆ ಯಾವ ಹೊತ್ತಿಗೆ ಆಗುತ್ತಿದೆ? ಹಸಿದಾಗಲೇ? ನಿದ್ದೆ ಕೆಟ್ಟ ದಿನವೇ? ಆಟದ ನಡುವೆ ‘ಸಾಕು, ಏಳು’ ಎಂದಾಗಲೇ? ನಾವು ‘ಅವನ ಸ್ವಭಾವವೇ ಹಾಗೆ’ ಅಂದುಕೊಂಡಿದ್ದರಲ್ಲಿ ಎಷ್ಟೋ ಭಾಗ ಇಲ್ಲೇ ಕರಗಿಹೋಗುತ್ತದೆ.

ಹೆಜ್ಜೆ 2: ಅದಲು ಬದಲು ಮಾಡಿ ಓದಿ

ಬರೆದದ್ದರಲ್ಲಿ ‘ಅವನು’ ಇದ್ದ ಕಡೆ ‘ಅವಳು’ ಹಾಕಿ ಓದಿ, ‘ಅವಳು’ ಇದ್ದ ಕಡೆ ‘ಅವನು’. ನಿಮ್ಮ ಮೂರನೇ ಸಾಲು ಹಾಗೇ ನಿಲ್ಲುತ್ತದೆಯೇ? ನನ್ನದು ನಿಲ್ಲಲಿಲ್ಲ. ಜಾರುಬಂಡೆಯ ತುದಿಯಲ್ಲಿ ಮಗಳು ನಿಂತಾಗ ‘ಬೀಳ್ತೀಯ, ಇಳಿ’ ಎಂದಿದ್ದೆ. ಮಗ ನಿಂತಾಗ ‘ಗಟ್ಟಿಯಾಗಿ ಹಿಡ್ಕೋ’ ಎಂದಿದ್ದೆ. ಬರೆದಿಡದಿದ್ದರೆ ಇದು ನನಗೆ ಗೊತ್ತೇ ಆಗುತ್ತಿರಲಿಲ್ಲ.

2000ದಲ್ಲಿ ಪ್ರಕಟವಾದ ಒಂದು ಅಧ್ಯಯನ ಇಂಥದ್ದನ್ನೇ ಅಳೆದು ನೋಡಿತು. 11 ತಿಂಗಳ ಮಕ್ಕಳ ತಾಯಂದಿರನ್ನು ‘ನಿಮ್ಮ ಮಗು ಎಷ್ಟು ಕಡಿದಾದ ಇಳಿಜಾರನ್ನು ಅಂಬೆಗಾಲಲ್ಲಿ ಇಳಿಯಬಲ್ಲದು?’ ಎಂದು ಕೇಳಿದರು. ಗಂಡು ಮಕ್ಕಳ ತಾಯಂದಿರು ಇರುವುದಕ್ಕಿಂತ ಜಾಸ್ತಿ ಹೇಳಿದರು, ಹೆಣ್ಣು ಮಕ್ಕಳ ತಾಯಂದಿರು ಕಡಿಮೆ ಹೇಳಿದರು. ಮಕ್ಕಳನ್ನು ಇಳಿಜಾರಿಗೆ ಬಿಟ್ಟಾಗ ಗಂಡು ಹೆಣ್ಣಿನ ನಡುವೆ ವ್ಯತ್ಯಾಸವೇ ಇರಲಿಲ್ಲ.

ಅಂದಹಾಗೆ, ಈ ಕೆಲಸಕ್ಕೆ ಕನ್ನಡದಲ್ಲಿ ಒಂದು ಅನುಕೂಲ ಇದೆ. ‘ಎಸೆದ’, ‘ಎಸೆದಳು’ ಎಂದರೆ ಗಂಡೋ ಹೆಣ್ಣೋ ಕ್ರಿಯಾಪದದಲ್ಲೇ ತಿಳಿದುಬಿಡುತ್ತದೆ. ‘ಮಗು ಎಸೆಯಿತು’ ಎಂದರೆ ಆ ಸುಳಿವೇ ಇಲ್ಲ. ಗಂಡು ಹೆಣ್ಣು ಎರಡೂ ಇರುವ ಮನೆಯವರು ಒಂದು ವಾರ ‘ಮಗು’ ಎಂದೇ ಬರೆದು ನೋಡಿ. ಆಮೇಲೆ ಯಾರ ವಿಷಯ ಯಾವುದು ಎಂದು ಇನ್ನೊಬ್ಬರಿಗೆ ಊಹಿಸಲು ಹೇಳಿ. ತಮಾಷೆಯಾಗಿರುತ್ತದೆ.

ಹೆಜ್ಜೆ 3: ಭಾವನೆಗೆ ಸರಿಯಾದ ಹೆಸರು ಹುಡುಕಿ

ಹೆಚ್ಚು ಹೊತ್ತು ಕೊಡಬೇಕಾದ ಕೆಲಸ ಇದು. ಒಂದರಿಂದ ನಾಲ್ಕು ವರ್ಷದ ಮಕ್ಕಳು ನೆಲಕ್ಕೆ ಬಿದ್ದು ಹೊರಳಾಡಿ ಅಳುವುದು ಮಾಮೂಲು. ಬೇಕು ಎನ್ನುವುದು ಬೆಟ್ಟದಷ್ಟು ಇರುತ್ತದೆ, ಅದನ್ನು ಹೇಳಲು ಮಾತು ಹಿಡಿಯಷ್ಟೂ ಇರುವುದಿಲ್ಲ. ನಮ್ಮನ್ನು ನಾವು ತಡೆದುಕೊಳ್ಳಲು ಬೇಕಾದ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು 20 ದಾಟಿದ ಮೇಲೆ. ಎರಡು ವರ್ಷದ ಮಗುವಿಗೆ ‘ಸ್ವಲ್ಪ ಕಂಟ್ರೋಲ್ ಮಾಡ್ಕೋ’ ಎಂದರೆ ಏನು ಮಾಡಬೇಕು ಪಾಪ?

ಆ ಹೊತ್ತಿಗೆ ಮಗುವಿನ ಎತ್ತರಕ್ಕೆ ಕೂತುಕೊಳ್ಳಿ. ಕಂಡದ್ದನ್ನು ಹೇಳಿ: ‘ಕಟ್ಟಿದ್ದು ಬಿದ್ದೋಯ್ತು.’ ಆಮೇಲೆ ಕೇಳಿ: ‘ಸಿಟ್ಟು ಬಂತಾ? ಬೇಜಾರಾಯ್ತಾ?’ ತೀರ್ಪು ಕೊಡಬೇಡಿ, ಕೇಳಿ. ತಪ್ಪಾಗಿದ್ದರೆ ಮಗು ತಲೆ ಅಲ್ಲಾಡಿಸಿಯಾದರೂ ಹೇಳುತ್ತದೆ. ಗೆರೆ ಎಳೆಯಬೇಕಾದ ಕಡೆ ಎಳೆಯಿರಿ: ‘ಸಿಟ್ಟು ಬರ್ಲಿ, ಹೊಡೆಯೋದು ಬೇಡ.’ ಬುದ್ಧಿಮಾತು ಏನಿದ್ದರೂ ಅಳು ನಿಂತು ಅರ್ಧ ಗಂಟೆ ಆದ ಮೇಲೆ.

ಗಂಡು ಮಕ್ಕಳಿಗೆ ನಾವು ಸಿಟ್ಟು ಎನ್ನುವ ಒಂದೇ ಪದ ಕೊಡುತ್ತೇವೆ. ಅವಮಾನ, ದಿಗಿಲು, ಹೊಟ್ಟೆಕಿಚ್ಚು, ಒಂಟಿತನ ಎಲ್ಲವೂ ಅದರೊಳಗೇ ತುರುಕಿಕೊಳ್ಳಬೇಕು. ‘ಹುಡುಗರು ಅಳ್ತಾರಾ?’ ಎಂದರೆ ಅಳು ನಿಲ್ಲುವುದಿಲ್ಲ, ನಿಮ್ಮೆದುರು ಅಳುವುದು ನಿಲ್ಲುತ್ತದೆ ಅಷ್ಟೇ. ಹೆಣ್ಣು ಮಕ್ಕಳದು ಉಲ್ಟಾ. ಅಳಲು ಅಪ್ಪಣೆ ಇದೆ, ಸಿಟ್ಟಿಗೆ ಇಲ್ಲ. ಅವಳು ನಗುತ್ತಾ ‘ಪರವಾಗಿಲ್ಲ’ ಎನ್ನುವುದನ್ನು ಕಲಿಯುತ್ತಾಳೆ, ನಾವು ‘ಎಷ್ಟು ಒಳ್ಳೆ ಹುಡುಗಿ’ ಎನ್ನುತ್ತೇವೆ. ಮಗಳಿಗೆ ‘ಸಿಟ್ಟು ಬಂತಾ?’ ಎಂದೂ ಮಗನಿಗೆ ‘ಹೆದರಿಕೆ ಆಯ್ತಾ?’ ಎಂದೂ ಬೇಕೆಂದೇ ಕೇಳಿ.

ಇನ್ನೊಂದು ಮಾತು. ಕನ್ನಡಿಯಲ್ಲಿ ಕಾಣುವುದು ನಾನೇ ಎಂದು ಮಗುವಿಗೆ ಗೊತ್ತಾಗುವುದು ಒಂದೂವರೆಯಿಂದ ಎರಡು ವರ್ಷದೊಳಗೆ. ಮುಜುಗರ, ನಾಚಿಕೆ, ಹೆಮ್ಮೆ ಕಾಣಿಸಿಕೊಳ್ಳುವುದು ಆಮೇಲೆ. ಹಾಗಾಗಿ ನೆಂಟರೆದುರು ಮಾಡುವ ಗೇಲಿ ‘ಅದಕ್ಕೇನು ಗೊತ್ತಾಗುತ್ತೆ’ ಎನ್ನುವಷ್ಟು ಹಗುರವಲ್ಲ.

ಹೆಜ್ಜೆ 4: ವಯಸ್ಸು ನೋಡಿ ಉತ್ತರ ಕೊಡಿ

ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್ಬರ್ಗ್ 1966ರಲ್ಲಿ ಹೇಳಿದ ಲೆಕ್ಕ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಮೂರರ ಹೊತ್ತಿಗೆ ಮಗು ‘ನಾನು ಹುಡುಗ’, ‘ನಾನು ಹುಡುಗಿ’ ಎನ್ನುತ್ತದೆ. ಆದರೂ ಮೂರರ ಹುಡುಗ ‘ದೊಡ್ಡವನಾದ ಮೇಲೆ ನಾನು ಅಮ್ಮ ಆಗ್ತೀನಿ’ ಎಂದರೆ ಆಶ್ಚರ್ಯವಿಲ್ಲ. ದೊಡ್ಡವರಾದರೂ ಅದು ಬದಲಾಗದು ಎಂದು ತಿಳಿಯಲು ನಾಲ್ಕೈದು ವರ್ಷ ಆಗಬೇಕು. ಕೂದಲು, ಬಟ್ಟೆ ಬದಲಿಸಿದ ಮಾತ್ರಕ್ಕೆ ಹುಡುಗ ಹುಡುಗಿಯಾಗುವುದಿಲ್ಲ ಎಂದು ಗಟ್ಟಿಯಾಗಲು ಆರೇಳು.

ಈ ನಡುವಿನ ವರ್ಷಗಳಲ್ಲಿ ಮಕ್ಕಳು ಪುಟ್ಟ ಪೊಲೀಸರು. ಮನಶ್ಶಾಸ್ತ್ರಜ್ಞೆ ಸ್ಯಾಂಡ್ರಾ ಬೆಮ್ ಅವರ ಮಗ ಒಂದು ದಿನ ತಲೆಗೆ ಕ್ಲಿಪ್ ಹಾಕಿಕೊಂಡು ನರ್ಸರಿಗೆ ಹೋಗಿದ್ದ. ಕ್ಲಿಪ್ ಹಾಕುವುದು ಹುಡುಗಿಯರು ಮಾತ್ರ, ಆದ್ದರಿಂದ ನೀನು ಹುಡುಗಿ ಎಂದು ಇನ್ನೊಬ್ಬ ಹುಡುಗ ಪಟ್ಟು ಹಿಡಿದನಂತೆ. ನಿಮ್ಮ ಮಗು ‘ಈ ಬಣ್ಣ ಹುಡುಗೀರದ್ದು’ ಎಂದರೆ ಭಾಷಣ ಬೇಡ. ‘ಹೌದಾ? ಅಪ್ಪನ ಶರ್ಟ್ ಅದೇ ಬಣ್ಣ ಅಲ್ವಾ?’ ಎಂದು ಒಂದು ಉದಾಹರಣೆ ಕೊಟ್ಟು ಸುಮ್ನಿರಿ. ಹುಡುಗ ಗೊಂಬೆ ಮಲಗಿಸಿದರೂ, ಹುಡುಗಿ ಲಾರಿ ಓಡಿಸಿದರೂ ಅದು ಆಟ. ಅದನ್ನು ನೋಡಿ ಭವಿಷ್ಯ ಹೇಳಲು ಹೋಗಬೇಡಿ.

ಹೆಜ್ಜೆ 5: ‘ಹುಡುಗರೇ, ಹುಡುಗಿಯರೇ’ ಕಡಿಮೆ ಮಾಡಿ

2010ರಲ್ಲಿ ಹಿಲಿಯರ್ಡ್ ಮತ್ತು ಲಿಬೆನ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕೆಲವು ಪ್ರೀಸ್ಕೂಲ್ ಟೀಚರ್‌ಗಳು ಮಕ್ಕಳನ್ನು ಗಂಡು ಹೆಣ್ಣು ಎಂದು ಬೇರೆ ಮಾಡಿ ಕರೆಯುತ್ತಾ, ಬೇರೆ ಸಾಲಿನಲ್ಲಿ ನಿಲ್ಲಿಸುತ್ತಾ ಬಂದರು. ಎರಡೇ ವಾರ. ಅಲ್ಲಿನ ಹುಡುಗರು ಹುಡುಗಿಯರು ಜೊತೆಯಾಗಿ ಆಡುವುದು ಕಡಿಮೆಯಾಯಿತು, ‘ಇದು ಅವರ ಕೆಲಸ, ಇದು ನಮ್ಮದು’ ಎನ್ನುವುದು ಹೆಚ್ಚಾಯಿತು. ಹೆಸರು ಹಿಡಿದು ಕರೆದರೆ ಸಾಕು. ಮನೆಕೆಲಸವನ್ನೂ ವಯಸ್ಸು ನೋಡಿ ಹಂಚಿ.

ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು?

ಬಂದಿದ್ದ ಮಾತು ನಿಂತುಹೋದರೆ, ತನಗೋ ಬೇರೆಯವರಿಗೋ ಪೆಟ್ಟು ಮಾಡಿಕೊಳ್ಳುವುದು ವಾರಗಟ್ಟಲೆ ನಡೆದರೆ, ಊಟ ನಿದ್ದೆ ಕೆಟ್ಟರೆ, ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಕಂಡರೆ ಇದ್ದಕ್ಕಿದ್ದಂತೆ ಹೆದರತೊಡಗಿದರೆ ಕಾಯಬೇಡಿ. ಇಲ್ಲೂ ಆ ಹಳೇ ಕನ್ನಡಕ ಅಡ್ಡ ಬರುತ್ತದೆ. ‘ಗಂಡು ಮಕ್ಕಳಿಗೆ ಮಾತು ತಡ, ಬಿಡಿ’ ಎಂದು ವರ್ಷ ಕಳೆಯುವವರಿದ್ದಾರೆ. ಗಂಡು ಹೆಣ್ಣಿನ ಮಾತಿನ ಅಂತರ ಸರಾಸರಿಯಲ್ಲಿ ಚಿಕ್ಕದು. ಎರಡು ವರ್ಷವಾದರೂ ಎರಡು ಪದ ಜೋಡಿಸದ ಮಗುವನ್ನು ತೋರಿಸಲೇಬೇಕು. ಹೆಣ್ಣು ಮಗು ಮೂಲೆಯಲ್ಲಿ ಸುಮ್ಮನೆ ಕೂತರೆ ‘ಎಷ್ಟು ಸಾಧು’ ಎನ್ನುತ್ತೇವೆ. ಆಟಿಸಂ, ಗಮನ ಕೊಡಲಾಗದ ತೊಂದರೆ ಇವೆಲ್ಲ ಹೆಣ್ಣು ಮಕ್ಕಳಲ್ಲಿ ಎಷ್ಟೋ ಸಲ ತಡವಾಗಿ ಪತ್ತೆಯಾಗುವುದಕ್ಕೆ ಇದೂ ಒಂದು ಕಾರಣ.

ಹೋಗುವಾಗ ಆ ಪುಸ್ತಕ ಜೊತೆಯಲ್ಲಿರಲಿ. ‘ತುಂಬಾ ಹಟ ಡಾಕ್ಟ್ರೇ’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಮೂರು ಮೂರು ಸಾಲಿನ ಏಳು ದಿನ ಓದಿದರೆ ಏನು ಕೇಳಬೇಕು ಎಂದು ಅವರಿಗೆ ಗೊತ್ತಾಗುತ್ತದೆ.