ಕೊವಾಲಾಗೂ ನೀಲಕುರಿಂಜಿಗೂ ಎಲ್ಲಿಯ ನಂಟು?

ಭಾನುವಾರ ರಾತ್ರಿ ಒಂಬತ್ತಕ್ಕೆ ಮಗಳು ಚಾರ್ಟ್ ಪೇಪರ್ ಹಿಡಿದು ಬಂದಳು. ಒಂದು ಹೊಟ್ಟೆಚೀಲದ ಪ್ರಾಣಿ, ಒಂದು ಹೂ ಬಿಡುವ ಪೊದೆ, ಎರಡನ್ನೂ ಹೋಲಿಸಬೇಕಂತೆ. ನಾಳೆಗೇ! ಈ ಪಾಡು ನಿಮಗೂ ಬರಬಹುದು, ಅದಕ್ಕೇ ನಾವು ಮಾಡಿದ್ದನ್ನು ಹೇಳುತ್ತೇನೆ.

ಮೊದಲು ಜೋಡಿ ಆರಿಸಿ. ಸುಮ್ನೆ ಕಾಂಗರೂ, ಗುಲಾಬಿ ಅಂತ ಬರೆದರೆ ಮುಂದೆ ಹೇಳಲು ಏನೂ ಸಿಗುವುದಿಲ್ಲ. ನಾವು ಆಸ್ಟ್ರೇಲಿಯಾದ ಕೊವಾಲಾ, ನಮ್ಮ ಪಶ್ಚಿಮ ಘಟ್ಟದಲ್ಲಿ 12 ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ಹಿಡಿದೆವು.

ಆಮೇಲೆ ಚಾರ್ಟಿನ ನಡುವೆ ಗೆರೆ ಎಳೆದು ವರ್ಗೀಕರಣ ಬರೆಯಿರಿ. ಮೊದಲ ಸಾಲಲ್ಲೇ ದಾರಿ ಬೇರೆ: ಒಂದು ಪ್ರಾಣಿ, ಇನ್ನೊಂದು ಸಸ್ಯ. ಕೆಳಗಿನ ಸಾಲುಗಳನ್ನು ತಾಳೆ ಹಾಕಿ ಪ್ರಯೋಜನವಿಲ್ಲ, ಅವುಗಳ ನೆಂಟರನ್ನು ಹುಡುಕಿ. ಕೊವಾಲಾ ಕರಡಿಯಲ್ಲ. ಕಾಂಗರೂ ಇರುವ ಡಿಪ್ರೊಟೊಡಾಂಟಿಯಾ ಗಣದ್ದೇ, ಆದರೆ ಅದರ ಫಾಸ್ಕೊಲಾರ್ಕ್ಟಿಡೇ ಕುಟುಂಬದಲ್ಲಿ ಈಗ ಉಳಿದಿರುವುದು ಅದೊಂದೇ, ಹತ್ತಿರದ ನೆಂಟ ಅಂದರೆ ವಾಂಬ್ಯಾಟ್. ಕುರಿಂಜಿಯದು ಅಕ್ಯಾಂಥೇಸಿಯೇ ಕುಟುಂಬ, ಅಂದರೆ ಗಾಂಧಿ ಬಜಾರಿನಲ್ಲಿ ಮೊಳದ ಲೆಕ್ಕದಲ್ಲಿ ಕೊಳ್ಳುತ್ತೇವಲ್ಲ, ಆ ಕನಕಾಂಬರದ ದಾಯಾದಿ!

ಮೂರನೆಯದು ಉಳಿವಿನ ಸ್ಥಿತಿ. ಯಾವ ಜೀವಿಗೆ ಎಷ್ಟು ಅಳಿವಿನ ಅಪಾಯ ಅಂತ ಹೇಳುವ ಜಾಗತಿಕ ಪಟ್ಟಿಯಾದ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ವೈಜ್ಞಾನಿಕ ಹೆಸರು ಹಾಕಿಯೇ ಹುಡುಕಿ: ಫಾಸ್ಕೊಲಾರ್ಕ್ಟೊಸ್ ಸಿನೆರಿಯಸ್, ಸ್ಟ್ರೊಬಿಲಾಂಥೆಸ್ ಕುಂಥಿಯಾನಾ. ಕುರಿಂಜಿ ಅಂತ ಕರೆಯುವ ಗಿಡಗಳು ಬೇಕಾದಷ್ಟಿವೆ, ಎಡವಟ್ಟಾಗುತ್ತದೆ. ಎರಡೂ 'ವಲ್ನರಬಲ್', ಅಂದರೆ ಅಳಿವಿನ ಅಪಾಯದ ಮೊದಲ ಮೆಟ್ಟಿಲು. ಕುರಿಂಜಿಗೆ ಈ ಪಟ್ಟ ಸಿಕ್ಕಿದ್ದು 2024ರಲ್ಲಿ. ಇಲ್ಲಿಗೇ ನಿಲ್ಲಿಸಬೇಡಿ, ಆಯಾ ದೇಶದ ಪಟ್ಟಿಯನ್ನೂ ನೋಡಿ. ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್, ರಾಜಧಾನಿ ಪ್ರದೇಶದ ಕೊವಾಲಾಗಳನ್ನು ಆಸ್ಟ್ರೇಲಿಯಾ ಸರ್ಕಾರ 2022ರಲ್ಲಿ ಇನ್ನೊಂದು ಮೆಟ್ಟಿಲು ಮೇಲೆ, 'ಎಂಡೇಂಜರ್ಡ್' ಸಾಲಿಗೆ ಸೇರಿಸಿದೆ.

ಈಗ ಕಾರಣ ಬರೆಯಿರಿ. ನನಗೆ ಜಾಸ್ತಿ ಇಷ್ಟವಾದ ಭಾಗ ಇದೇ. ಕೊವಾಲಾಗೆ ನೀಲಗಿರಿ ಎಲೆಯೇ ಊಟ, ಅಲ್ಲಿ ಆ ಮರ ಕಡಿದರೆ ಅದಕ್ಕೆ ಉಪವಾಸ. ಇಲ್ಲಿ ಅದೇ ನೀಲಗಿರಿ, ಹೊಸಕೋಟೆ ಕಡೆ ತೋಪುಗಟ್ಟಲೆ ಕಾಣುತ್ತದಲ್ಲ ಅದೇ ಬಳಗದ ಮರ, ಟೀ ತೋಟಗಳ ಜೊತೆ ಸೇರಿ ಬೆಟ್ಟದ ಮೇಲಿನ ಹುಲ್ಲುಗಾವಲನ್ನು ನುಂಗಿ ಕುರಿಂಜಿಯ ಜಾಗ ಕಿತ್ತುಕೊಂಡಿದೆ. ಅಲ್ಲಿ ಇಲ್ಲದ್ದೇ ಕಷ್ಟ, ಇಲ್ಲಿ ಇರೋದೇ ಕಷ್ಟ.

ಇದನ್ನು ಕೇಳಿದ್ದೇ ತಡ, ಮಗಳು ಚಾರ್ಟಿನ ನಡುವಿನ ಗೆರೆಗೆ ಕೊಂಬೆ, ಎಲೆ ಬರೆದು ಅದನ್ನೇ ನೀಲಗಿರಿ ಮರ ಮಾಡಿಬಿಟ್ಟಳು.