ಕ್ಯಾಲೆಂಡರಿನ ಖಾಲಿ ಚೌಕಗಳು: ನನ್ನ ಅನುಭವ

"ಕ್ಯಾಲೆಂಡರ್ ನೋಡೋದೇ ಸಂಶೋಧನೆ ಅಂತಾದ್ರೆ ಗ್ಯಾಸ್ ತರೋ ಹುಡುಗನಿಗೂ ಪಿಎಚ್‌ಡಿ ಕೊಡಬೇಕಾಗುತ್ತೆ." ಸೆಮಿನಾರಿನಲ್ಲಿ ಹಿರಿಯರೊಬ್ಬರು ಹೀಗಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ. ಎರಡು ವರ್ಷದ ಮೇಲೆ ನನ್ನ ಪಿಎಚ್‌ಡಿ ಪ್ರಬಂಧದಲ್ಲಿ, ಗೋಡೆ ಕ್ಯಾಲೆಂಡರಿನಿಂದ ಹಿರಿಯರ ಒಂಟಿತನ ಓದುವ ಅದೇ ಅಧ್ಯಾಯ ಒಂದೂ ತಿದ್ದುಪಡಿ ಇಲ್ಲದೆ ಪಾಸಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ವಿಷಯ ತೀರ್ಥಹಳ್ಳಿ, ಹೊಸನಗರ ಕಡೆಯ ಒಂಟಿಮನೆಗಳ ಹಿರಿಯರ ಒಂಟಿತನ. ಮಕ್ಕಳೆಲ್ಲ ಬೆಂಗಳೂರು ಸೇರಿದ್ದಾರೆ. ತೋಟ, ನಾಯಿ, ಇಬ್ಬರು ಮುದುಕರು. ಕೆಲವು ಕಡೆ ಒಬ್ಬರೇ. ಇಲ್ಲಿ ಪ್ರಯೋಗದ ಮಾತೇ ಇಲ್ಲ. ಚೀಟಿ ಎತ್ತಿ ಅರ್ಧ ಜನರ ಮಕ್ಕಳನ್ನು ಊರಿಗೆ ವಾಪಸ್ ಕರೆಸೋಕಾಗುತ್ತಾ? ಇದ್ದದ್ದನ್ನು ಇದ್ದ ಹಾಗೇ ನೋಡಬೇಕು.

ಮೊದಲು ಎಲ್ಲರ ಹಾಗೆ ಪ್ರಶ್ನಾವಳಿ ಹಿಡಿದು ಹೊರಟೆ. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಹೆಸರಿನ ಒಂಟಿತನದ ಮಾಪನ ಅಂತ ಒಂದಿದೆ, 20 ಪ್ರಶ್ನೆ, ನಾಲ್ಕು ಆಯ್ಕೆ. ಕನ್ನಡಕ್ಕೆ ತಂದು 150 ಪ್ರತಿ ಜೆರಾಕ್ಸ್ ಮಾಡಿಸಿದೆ. ಬೈಕಿನ ಪೆಟ್ರೋಲೂ ಸೇರಿ ಏಳೆಂಟು ಸಾವಿರ ಹೋಯಿತು. ಬಂದ ಉತ್ತರ ಒಂದೇ: ಚೆನ್ನಾಗಿದೀವಿ. ಒಬ್ಬರು ಅಜ್ಜಿ ಕಡುಬು ಬಡಿಸುತ್ತಾ, "ಆ ನಾಲ್ಕರಲ್ಲಿ ನಿಂಗೆ ಯಾವುದು ಬೇಕೋ ಅದಕ್ಕೆ ಗೀಟು ಹಾಕ್ಕೋ ಮಾರಾಯಾ, ಕಡುಬು ಆರಿ ಹೋಗುತ್ತೆ" ಅಂದರು. ಮನೆಗೆ ಬಂದವನ ಎದುರು 'ಮಗ ಬರೋದಿಲ್ಲ' ಅಂತ ಯಾರು ಹೇಳುತ್ತಾರೆ? ಅಂಕಗಳೆಲ್ಲ ಒಂದೇ ಮೂಲೆಯಲ್ಲಿ ಗುಂಪು ಕಟ್ಟಿಕೊಂಡು ಕೂತವು. ಅದರಲ್ಲಿ ಸಹಸಂಬಂಧ, ಅಂದರೆ ಒಂದು ಏರಿಳಿದಾಗ ಇನ್ನೊಂದೂ ಏರಿಳಿಯುವ ನಂಟು, ಎಲ್ಲಿಂದ ಹುಡುಕಲಿ?

ಆಮೇಲೆ ಫೋನು. 1970ರ ದಶಕದಲ್ಲೇ ಷಿಕಾಗೋದಲ್ಲಿ ಮನಶ್ಶಾಸ್ತ್ರಜ್ಞ ಚಿಕ್ಸೆಂಟ್‌ಮಿಹಾಯಿ ತಂಡ ಜನರ ಕೈಗೆ ಪೇಜರ್ ಕೊಟ್ಟು, ಅದು ಸದ್ದು ಮಾಡಿದಾಗಲೆಲ್ಲ ಆ ಕ್ಷಣದ ಮನಸ್ಥಿತಿ ಬರೆಸಿತ್ತು. ನಾನು ದಿನಕ್ಕೆ ಐದು ಮಿಸ್ಡ್ ಕಾಲ್ ಕೊಡುವುದು ಅಂತ ಮಾಡಿದೆ. ಮಲೆನಾಡಿನಲ್ಲಿ ನೆಟ್‌ವರ್ಕ್! ಸಂಜೆ ಐದೂವರೆಗೆ ಗುಡ್ಡ ಹತ್ತಿದಾಗ ಐದೂ ಒಟ್ಟಿಗೆ ಬಂದು ಬೀಳುತ್ತಿದ್ದವು. ಅದೇ ಹೊತ್ತಿಗೆ ಮಗನ ಫೋನೂ ಬರುವುದು. ಹಾಗಾಗಿ ನನ್ನ ಡೇಟಾದಲ್ಲಿ ಎಲ್ಲರೂ ಖುಷಿಯಾಗಿದ್ದರು. ಗುಡ್ಡದ ಮೇಲಿನ ಖುಷಿ ಅದು.

ಮೂರನೆಯದು ಬರೀ ದಡ್ಡತನ. ನವೆಂಬರಿನಲ್ಲಿ ಅಡಿಕೆ ಸುಲಿಯುವ ಕಡೆ ಪುಸ್ತಕ ಹಿಡಿದು ಕೂತೆ. ಐದೈದು ನಿಮಿಷಕ್ಕೆ ಯಾರು ಯಾರ ಜೊತೆ ಮಾತಾಡಿದರು ಅಂತ ಗುರುತು ಹಾಕುವುದು. ಎರಡು ರಾತ್ರಿ ನನ್ನನ್ನು ನೋಡಿ ಎಲ್ಲರೂ ಗಪ್‌ಚುಪ್. ಮೂರನೇ ರಾತ್ರಿ ನನಗೂ ಒಂದು ಮೆಟ್ಟುಗತ್ತಿ ಕೊಟ್ಟರು. ಹೆಬ್ಬೆರಳು ಕೊಯ್ದುಕೊಂಡೆ, ಆಮೇಲೆ ಮಾತೋ ಮಾತು. ವೀಕ್ಷಣೆ ಅಂದರೆ ಹೇಗೆ ಅಂತ ಕಲಿತದ್ದು ಅಲ್ಲೇ. ಆದರೆ ಇಪ್ಪತ್ತು ಜನ ಕೂತ ಚಪ್ಪರದಲ್ಲಿ ಒಂಟಿತನ ಹುಡುಕಿದವನಿಗೆ ಏನು ಹೇಳೋಣ?

ಕ್ಯಾಲೆಂಡರ್ ಸಿಕ್ಕಿದ್ದು ಮಳೆಯಿಂದ. ಜುಲೈ ತಿಂಗಳು, ಆಗುಂಬೆ ಕಡೆಯ ಒಂದು ಮನೆ. ಹೊರಡೋಕೆ ಮಳೆ ಬಿಡಲಿಲ್ಲ. ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರ್ ಮೇಲೆ ಸುಮ್ನೆ ಕಣ್ಣು ಹೋಯಿತು. ಜನವರಿಯಿಂದ ನೀಲಿ ಇಂಕಿನಲ್ಲಿ ಸಣ್ಣ ಅಕ್ಷರ: 'ಆಳು 3', 'ಬೋರ್ಡೋ ಹೊಡೆದದ್ದು', 'ಗ್ಯಾಸ್', 'ಪುಟ್ಟ ಬಂದ', 'ಪುಟ್ಟ ಹೋದ'. ಜೂನ್ 19ರವರೆಗೆ ಹೀಗೇ. ಅಲ್ಲಿಂದ ಮೂರು ವಾರ ಏನೂ ಇಲ್ಲ. ಆಮೇಲೆ ಪೆನ್ಸಿಲ್. ಬೇರೆ ಕೈಬರಹ, ದೊಡ್ಡ ನಡುಗುವ ಅಕ್ಷರ. 'ಹಾಲು' ಅಂತ ಮಾತ್ರ. ಕೇಳಿದೆ. ಅಜ್ಜಿ ಕೂತು ಒಂದೂವರೆ ಗಂಟೆ ಮಾತಾಡಿದರು. ಇದೇ ಅಜ್ಜಿಯ ಪ್ರಶ್ನಾವಳಿಯಲ್ಲಿ ಒಂಟಿತನ ಹೆಚ್ಚುಕಮ್ಮಿ ಸೊನ್ನೆ ಇತ್ತು.

ಅವತ್ತಿನಿಂದ ಪ್ರಶ್ನಾವಳಿ ಚೀಲದಿಂದ ಹೊರಗೇ ಬರಲಿಲ್ಲ. ಗೋಡೆಯ ಕ್ಯಾಲೆಂಡರ್ ಇಳಿಸಿ ಚಾಪೆ ಮೇಲೆ ಇಟ್ಟು, ತಿಂಗಳು ತಿಂಗಳು ತಿರುಗಿಸುತ್ತಾ ಮಾತಾಡುವುದು. ನೆನಪು ಎಬ್ಬಿಸೋಕೆ ಹೊರದೇಶದ ಸಂಶೋಧಕರು ಬದುಕಿನ ಕ್ಯಾಲೆಂಡರ್ ಅಂತ ಹೊಸದಾಗಿ ಬರೆಸುತ್ತಾರೆ. ನಮ್ಮಲ್ಲಿ ಬರೆದೇ ಇದೆ. ಸುಮಾರು 46 ಮನೆ, ನೂರರ ಹತ್ತಿರ ಕ್ಯಾಲೆಂಡರ್. ಹೆಸರು, ಫೋನ್ ನಂಬರ್ ಇದ್ದ ಕಡೆ ಹೆಬ್ಬೆರಳಿನಿಂದ ಮುಚ್ಚಿ ಫೋಟೋ ತೆಗೆದೆ. ಹಳೇ ವರ್ಷದ್ದನ್ನು ಹೇಗೆ ಕೇಳಿ ಪಡೆದೆ ಅನ್ನೋದು ಮಾತ್ರ ಇಲ್ಲಿ ಹೇಳಲ್ಲ. ಅದು ನನ್ನ ಅನ್ನ.

ಎಣಿಸಿದ್ದು ಒಂದೇ. ಯಾವ ಮನುಷ್ಯನ ಗುರುತೂ ಇಲ್ಲದ ದಿನಗಳ ಅತಿ ಉದ್ದದ ಸಾಲು ಎಷ್ಟು? ಮಾತುಕತೆಯ ಬರಹ ಓದಿ ಒಂಟಿತನಕ್ಕೆ ಅಂಕ ಕೊಟ್ಟಿದ್ದು ಬೇರೆ ಇಬ್ಬರು, ಅವರಿಗೆ ಕ್ಯಾಲೆಂಡರ್ ತೋರಿಸಲಿಲ್ಲ. ಚೌಕ ಎಣಿಸಿದ್ದು ನಾನು ಮತ್ತು ಒಬ್ಬ ಜೂನಿಯರ್. ಮೊದಲ ಸುತ್ತಿನಲ್ಲಿ ನಮ್ಮಿಬ್ಬರ ಕಪ್ಪಾ (ಇಬ್ಬರ ಎಣಿಕೆ ಎಷ್ಟು ತಾಳೆಯಾಗುತ್ತೆ ಅನ್ನೋ ಅಳತೆ, 1 ಅಂದ್ರೆ ಪೂರ್ತಿ ತಾಳೆ) 0.5ರ ಆಸುಪಾಸು, ನಾಚಿಕೆಗೇಡು. ಜಗಳ ಇದ್ದದ್ದು 'ಗ್ಯಾಸ್' ಬಗ್ಗೆ. ಅದು ಸಾಮಾನೋ ಮನುಷ್ಯನೋ? ಮನೆ ಮನೆಗೆ ಮತ್ತೆ ಹೋಗಿ ಕೇಳಿದೆ. ಎಷ್ಟೋ ಕಡೆ ಆ ಹುಡುಗ ಕೂತು ಕಾಫಿ ಕುಡಿದು ಅರ್ಧ ಗಂಟೆ ಮಾತಾಡಿ ಹೋಗುತ್ತಾನೆ. ಅವನನ್ನು ಮನುಷ್ಯರ ಲೆಕ್ಕಕ್ಕೆ ಸೇರಿಸಿದ ಮೇಲೆ ಕಪ್ಪಾ 0.8ರ ಹತ್ತಿರ ಬಂತು. ಸೆಮಿನಾರಿನಲ್ಲಿ ನಕ್ಕ ಹಿರಿಯರಿಗೆ ಇದನ್ನು ಬೇಕಂತಲೇ ಎರಡು ಸಲ ಹೇಳಿದೆ.

ಖಾಲಿ ಸಾಲಿಗೂ ಒಂಟಿತನದ ಅಂಕಕ್ಕೂ ಸಹಸಂಬಂಧ 0.5 (ಸೊನ್ನೆ ಅಂದ್ರೆ ನಂಟೇ ಇಲ್ಲ, 1 ಅಂದ್ರೆ ಪೂರ್ತಿ ನಂಟು) ಬಂದಾಗ ಕುಣಿದೆ. ಕುಣಿತ ಒಂದೇ ವಾರ. ಉದ್ದ ಖಾಲಿ ಸಾಲುಗಳ ಮನೆ ಹೆಚ್ಚಿನವು ಆಗುಂಬೆ ಕಡೆಯವು. ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆಯಲ್ಲಿ ನೆಂಟರೂ ಬರಲ್ಲ, ಮನಸ್ಸೂ ಮುದುಡಿ ಕೂರುತ್ತೆ. ಎರಡಕ್ಕೂ ಮಳೆಯೇ ಕಾರಣ ಇರಬಹುದಲ್ವಾ? ಜೂನ್‌ನಿಂದ ಸೆಪ್ಟೆಂಬರ್ ತೆಗೆದುಹಾಕಿ ಎಣಿಸಿದರೆ 0.35ಕ್ಕೆ ಇಳಿಯಿತು. ಅಷ್ಟನ್ನೇ ಬರೆದೆ. ಖಾಲಿ ಚೌಕ ಒಂಟಿತನ ತರುತ್ತೆ ಅಂತ ಎಲ್ಲೂ ಬರೆದಿಲ್ಲ. ಪೂರ್ತಿ ಖಾಲಿ ಕ್ಯಾಲೆಂಡರಿನ ಒಬ್ಬರು ಅಜ್ಜಿ ಊರಿಗೆಲ್ಲ ಬೇಕಾದವರು, ಬರೆಯೋಕೆ ಬರಲ್ಲ ಅಷ್ಟೆ.

ಷಿಕಾಗೋದ ಮ್ಯೂಸಿಯಂ ಒಂದರಲ್ಲಿ ಕೋಳಿಮರಿ ಮೊಟ್ಟೆಯೊಡೆದು ಬರುವುದನ್ನು ತೋರಿಸುವ ಜಾಗದ ಮುಂದಿನ ನೆಲ ಆರಾರು ವಾರಕ್ಕೆ ಸವೆಯುತ್ತಿತ್ತಂತೆ. ಜನ ಎಲ್ಲಿ ನಿಲ್ಲುತ್ತಾರೆ ಅಂತ ಯಾರನ್ನೂ ಕೇಳಬೇಕಾಗಿರಲಿಲ್ಲ. ವೈವಾದಲ್ಲಿ, ಅಂದರೆ ಪಿಎಚ್‌ಡಿಯ ಮೌಖಿಕ ಪರೀಕ್ಷೆಯಲ್ಲಿ, ಈ ಕತೆ ಹೇಳಿದೆ, ಪ್ರಶ್ನೆಗಳು ಕಮ್ಮಿಯಾದವು. ಈಗ ಎಲೆಅಡಿಕೆ ಡಬ್ಬಿಯ ಸುಣ್ಣ ಎಷ್ಟು ದಿನಕ್ಕೆ ಖಾಲಿಯಾಗುತ್ತೆ ಅಂತ ಮೂರು ಮನೆಯಲ್ಲಿ ನೋಡುತ್ತಿದ್ದೇನೆ. ಇನ್ನೂ ಏನೂ ಸಿಕ್ಕಿಲ್ಲ.

ಒಟ್ಟು ಖರ್ಚು 30 ಸಾವಿರದ ಒಳಗೆ, ಅದರಲ್ಲಿ ಮುಕ್ಕಾಲು ಮೊದಲಿನ ಮೂರು ಸೋಲಿಗೇ ಹೋಯಿತು. ನೀವು ಮಾಡೋದಾದರೆ ಡಿಸೆಂಬರ್ ಮುಗಿಯುವ ಮೊದಲೇ ಮನೆಗಳಿಗೆ ಹೋಗಿ ಬನ್ನಿ. ಸೊಸೈಟಿಯ ಹೊಸ ಕ್ಯಾಲೆಂಡರ್ ಬಂದ ದಿನವೇ ಹಳೆಯದು ಪಾತ್ರೆ ಶೆಲ್ಫಿಗೆ ಹಾಸಾಗುತ್ತೆ, ಇಲ್ಲಾಂದ್ರೆ ಬಚ್ಚಲ ಒಲೆಗೆ ಹೋಗುತ್ತೆ.